ಗುಡ್ಡದ ಜನ ಮತ್ತು ಆದಾಯ ತೆರಿಗೆ: ಈಶಾನ್ಯ ಭಾರತದ ಒಂದು ವಿನಾಯಿತಿಯ ಚರಿತ್ರೆ

ಭಾರತದ ಆದಾಯ ತೆರಿಗೆ ಶಾಸನವು ಸಾಮಾನ್ಯವಾಗಿ ವ್ಯಕ್ತಿಯ ಗಳಿಕೆ ಎಷ್ಟು ಎಂದು ಕೇಳುತ್ತದೆಯೇ ಹೊರತು ಆತ ಯಾವ ಊರಿನವನು, ಆ ಊರಿಗೆ ರಸ್ತೆ ಇದೆಯೋ ಇಲ್ಲವೋ, ಅಲ್ಲಿಗೆ ಅಕ್ಕಿ ಮತ್ತು ಸೀಮೆಎಣ್ಣೆ ಯಾವ ಬೆಲೆಗೆ ತಲುಪುತ್ತವೆ ಎಂಬುದನ್ನು ವಿಚಾರಿಸುವುದಿಲ್ಲ. ಈ ಸಾಮಾನ್ಯ ಕ್ರಮಕ್ಕೆ ಎದ್ದುಕಾಣುವ ಅಪವಾದವೆಂದರೆ 1961ರ ಕಾಯಿದೆಯ 10ನೆಯ ಪ್ರಕರಣದ 26ನೆಯ ಖಂಡ. ಸಂವಿಧಾನದ ಆರನೆಯ ಅನುಸೂಚಿಯ ಕೋಷ್ಟಕದಲ್ಲಿ ಹೆಸರಿಸಿದ ಬುಡಕಟ್ಟು ಪ್ರದೇಶಗಳಲ್ಲಿ, ಅರುಣಾಚಲ ಪ್ರದೇಶ, ಮಣಿಪುರ, ಮಿಜೋರಾಂ, ನಾಗಾಲ್ಯಾಂಡ್ ಮತ್ತು ತ್ರಿಪುರಾ ರಾಜ್ಯಗಳಲ್ಲಿ, ಹಾಗೂ ಲಡಾಖಿನಲ್ಲಿ ವಾಸಿಸುವ ಪರಿಶಿಷ್ಟ ಪಂಗಡದ ವ್ಯಕ್ತಿಗೆ ಆ ಪ್ರದೇಶಗಳೊಳಗಿನ ಯಾವುದೇ ಮೂಲದಿಂದ ಬರುವ ಆದಾಯವನ್ನು ಈ ಖಂಡವು ತೆರಿಗೆಯಿಂದ ಹೊರಗಿಟ್ಟಿತು; ಅಷ್ಟೇ ಅಲ್ಲದೆ ಲಾಭಾಂಶ ಮತ್ತು ಸಾಲಪತ್ರಗಳ ಬಡ್ಡಿ ದೇಶದ ಯಾವ ಮೂಲೆಯಿಂದ ಬಂದರೂ ಅದಕ್ಕೂ ವಿನಾಯಿತಿ ನೀಡಿತು. ಇದಕ್ಕೆ ಮೊತ್ತದ ಮಿತಿಯಿಲ್ಲ. ಖಂಡದ ಒಕ್ಕಣೆಯೊಳಗೆ ಅಸ್ಸಾಂ ರಾಜ್ಯಪಾಲರು 1951ರ ಫೆಬ್ರವರಿ 23ರಂದು ಹೊರಡಿಸಿದ ಒಂದು ಅಧಿಸೂಚನೆಯ ಸಂಖ್ಯೆ ಸಹ ಉಳಿದುಕೊಂಡು ಬಂದಿರುವುದು ಈ ವಿನಾಯಿತಿಯ ಬೇರುಗಳು ತೆರಿಗೆ ಶಾಸ್ತ್ರಕ್ಕಿಂತ ಗಡಿನಾಡಿನ ಆಡಳಿತದಲ್ಲಿ ಹೆಚ್ಚು ಆಳವಾಗಿ ಹುದುಗಿವೆ ಎಂಬುದಕ್ಕೆ ಒಂದು ಸಣ್ಣ ಸುಳಿವು.

ಹಿಂದುಳಿದವರಿಗೆ, ದೂರದ ದುರ್ಗಮ ಪ್ರದೇಶಗಳಲ್ಲಿ ಬದುಕುವವರಿಗೆ ಸರ್ಕಾರ ತೋರಿದ ಔದಾರ್ಯ ಎಂದು ಇದನ್ನು ವಿವರಿಸುವುದು ವಾಡಿಕೆ. ಆದರೆ ಈಶಾನ್ಯದ ಗುಡ್ಡಗಳಲ್ಲಿ ತೆರಿಗೆಯ ಚರಿತ್ರೆಯನ್ನು ಹತ್ತೊಂಬತ್ತನೆಯ ಶತಮಾನದಿಂದ ಅನುಸರಿಸಿ ನೋಡಿದರೆ ಈ ವಿವರಣೆ ಅರ್ಧ ಸತ್ಯವಾಗಿ ಮಾತ್ರ ಉಳಿಯುತ್ತದೆ. ಅಲ್ಲಿ ತೆರಿಗೆ ಎಂಬುದು ಹಣದ ವಿಷಯವಾಗುವುದಕ್ಕೆ ಮುಂಚೆ ಅಧೀನತೆಯ ವಿಷಯವಾಗಿತ್ತು; ವಿನಾಯಿತಿಯೂ ಹಾಗೆಯೇ, ಆಳುವವರು ಮತ್ತು ಗುಡ್ಡದ ಜನರ ನಡುವೆ ಬಹುಕಾಲ ನಡೆದ, ಹಲವು ಬಾರಿ ರಕ್ತ ಹರಿಸಿದ ಒಂದು ಒಪ್ಪಂದದ ಶೇಷವಾಗಿ ಉಳಿದು ಬಂದಿದೆ.

ಈ ಚರಿತ್ರೆಯ ಅತ್ಯಂತ ಮುಖ್ಯ ಅಧ್ಯಾಯ ಇಂದಿನ ಮೇಘಾಲಯದ ಪೂರ್ವಭಾಗವಾದ ಜೈಂತಿಯಾ ಗುಡ್ಡಗಳಲ್ಲಿ ನಡೆಯಿತು. ಸಿಲ್ಹೆಟ್ ಕಡೆಯ ಬಯಲನ್ನೂ ಅದರ ಮೇಲಿನ ಗುಡ್ಡಗಳನ್ನೂ ಒಟ್ಟಿಗೆ ಆಳುತ್ತಿದ್ದ ಜೈಂತಿಯಾ ರಾಜ್ಯದ ಬಯಲು ಭಾಗವನ್ನು ಈಸ್ಟ್ ಇಂಡಿಯಾ ಕಂಪನಿಯು 1835ರಲ್ಲಿ ವಶಪಡಿಸಿಕೊಂಡಾಗ, ಆದಾಯ ಹುಟ್ಟುವ ಬಯಲನ್ನು ಕಳೆದುಕೊಂಡು ಬರಿಯ ಗುಡ್ಡಗಳನ್ನು ಇಟ್ಟುಕೊಳ್ಳಲು ರಾಜ ರಾಜೇಂದ್ರ ಸಿಂಹ ಒಪ್ಪದೆ ಅವುಗಳನ್ನೂ ಬಿಟ್ಟುಕೊಟ್ಟನು. ಹೀಗೆ ಬೇಡದೆ ಬಂದ ಗುಡ್ಡಗಳನ್ನು ಕಂಪನಿಯು ಸುಮಾರು ಕಾಲು ಶತಮಾನ ಹೆಚ್ಚು ಕೆದಕಲಿಲ್ಲ. ಪ್ರತಿ ಹಳ್ಳಿಯಿಂದ ವರ್ಷಕ್ಕೊಂದು ಹೋತ ಎಂಬ ಹಳೆಯ ಕಾಣಿಕೆಯನ್ನೇ ಅದು ಮುಂದುವರಿಸಿತು. ಈ ಕಾಣಿಕೆಯ ಮೌಲ್ಯ ಸರ್ಕಾರದ ಖಜಾನೆಗೆ ಲೆಕ್ಕಕ್ಕೆ ಬಾರದಷ್ಟು ಕಡಿಮೆಯಾಗಿದ್ದರೂ ಹಳ್ಳಿಯ ದೃಷ್ಟಿಯಲ್ಲಿ ಅದು ತನ್ನ ಮೇಲಿನ ಒಡೆತನವನ್ನು ಗುರುತಿಸುವ, ಆದರೆ ತನ್ನ ಮನೆಯೊಳಕ್ಕೆ ಕೈ ಹಾಕದ ವ್ಯವಸ್ಥೆಯಾಗಿತ್ತು ಎಂಬುದನ್ನು ಗಮನಿಸಬೇಕು. ಕಾಣಿಕೆ ಕೊಡುತ್ತಿದ್ದುದು ಹಳ್ಳಿ. ಒಂದೊಂದು ಕುಟುಂಬದ ಲೆಕ್ಕ ಯಾವ ಅಧಿಕಾರಿಯ ಪುಸ್ತಕದಲ್ಲೂ ಇರಲಿಲ್ಲ.

1850ರ ದಶಕದಲ್ಲಿ ಅಧಿಕಾರಿಗಳ ಧೋರಣೆ ಬದಲಾಯಿತು. ತೆರಿಗೆ ಕೊಡದ ಪ್ರಜೆಗೆ ತಾನು ಪ್ರಜೆ ಎಂಬ ಅರಿವೇ ಇರುವುದಿಲ್ಲ ಎಂಬ ವಾದ ಅವರ ವರದಿಗಳಲ್ಲಿ ಬಲಗೊಂಡು, ಜೋವಾಯಿ ಪಟ್ಟಣದಲ್ಲಿ ಪೊಲೀಸ್ ಠಾಣೆ ಬಂದಿತು; 1860ರಲ್ಲಿ ಮನೆಗಂದಾಯ, ಅಂದರೆ ಭೂಮಿಯ ವಿಸ್ತೀರ್ಣವನ್ನಾಗಲಿ ಬೆಳೆಯನ್ನಾಗಲಿ ನೋಡದೆ ಒಲೆ ಹೊತ್ತುವ ಪ್ರತಿಯೊಂದು ಮನೆಯ ಮೇಲೆ ಹಾಕುವ ನಿಶ್ಚಿತ ಮೊತ್ತದ ತೆರಿಗೆ, ಜಾರಿಯಾಯಿತು. ಕೆಲವೇ ತಿಂಗಳುಗಳಲ್ಲಿ ಜನ ದಂಗೆಯೆದ್ದರು. ಸೈನ್ಯ ಬಂದು ಆ ದಂಗೆಯನ್ನು ಬೇಗನೆ ಅಡಗಿಸಿತು. ಆದರೆ ಅದರಿಂದ ಪಾಠ ಕಲಿಯುವ ಬದಲು ಆಡಳಿತವು ಇನ್ನೂ ದೊಡ್ಡ ತಪ್ಪಿಗೆ ಕೈಹಾಕಿತು.

1857ರ ಬಂಡಾಯದ ವೆಚ್ಚದಿಂದ ಬರಿದಾಗಿದ್ದ ಖಜಾನೆಯನ್ನು ತುಂಬಲು ಲಂಡನ್ನಿನಿಂದ ಬಂದ ಹಣಕಾಸು ಸದಸ್ಯ ಜೇಮ್ಸ್ ವಿಲ್ಸನ್ 1860ರಲ್ಲಿ ಭಾರತಕ್ಕೆ ಮೊದಲ ಆದಾಯ ತೆರಿಗೆಯನ್ನು ತಂದಿದ್ದನು. ವರ್ಷಕ್ಕೆ 200 ರೂಪಾಯಿಗಿಂತ ಕಡಿಮೆ ಆದಾಯದವರು ಅದರಿಂದ ಹೊರಗಿದ್ದರು. 200ರಿಂದ 500 ರೂಪಾಯಿಯವರೆಗಿನವರಿಗೆ ಶೇಕಡ 2, ಅದಕ್ಕಿಂತ ಹೆಚ್ಚಿನವರಿಗೆ ಶೇಕಡ 4 ದರ. ಕಲ್ಕತ್ತೆಯ ವ್ಯಾಪಾರಿಗಳನ್ನೂ ಸಂಬಳದಾರರನ್ನೂ ಜಮೀನ್ದಾರರನ್ನೂ ಕಣ್ಣಮುಂದಿಟ್ಟುಕೊಂಡು ರೂಪಿಸಿದ್ದ ಈ ತೆರಿಗೆಯನ್ನು ಮನೆಗಂದಾಯದ ದಂಗೆ ಅಡಗಿದ ಒಂದು ವರ್ಷದೊಳಗೆ ಜೈಂತಿಯಾ ಗುಡ್ಡಗಳಿಗೂ ಹಬ್ಬಿಸಲಾಯಿತು. ಎಡ್ವರ್ಡ್ ಗೇಟ್ ತನ್ನ ಅಸ್ಸಾಂ ಚರಿತ್ರೆಯಲ್ಲಿ ಕೊಡುವ ಲೆಕ್ಕದ ಪ್ರಕಾರ ಅಲ್ಲಿ 310 ಜನರ ಮೇಲೆ ಒಟ್ಟು 1,259 ರೂಪಾಯಿ ತೆರಿಗೆ ಹಾಕಲಾಗಿತ್ತು. ಒಬ್ಬನ ಮೇಲೆ ಬಿದ್ದ ಅತಿ ಹೆಚ್ಚಿನ ಮೊತ್ತ 9 ರೂಪಾಯಿ. ಈ ಅಂಕಿಗಳನ್ನು ದರದ ಪಟ್ಟಿಯ ಪಕ್ಕದಲ್ಲಿಟ್ಟು ನೋಡಿದರೆ ಅವು ಬೇರೆಯೇ ಒಂದು ಸಂಗತಿಯನ್ನು ಹೇಳುತ್ತವೆ. ತಲಾ ಸರಾಸರಿ ನಾಲ್ಕು ರೂಪಾಯಿಗೆ ತುಸು ಹೆಚ್ಚು. 200 ರೂಪಾಯಿ ಆದಾಯಕ್ಕೆ ಶೇಕಡ 2ರಂತೆ ಬರುವ ತೆರಿಗೆಯೂ ನಾಲ್ಕೇ ರೂಪಾಯಿ. ಅಂದರೆ ತೆರಿಗೆಗೆ ಒಳಗಾದವರಲ್ಲಿ ಬಹುಪಾಲು ಜನ ವಿನಾಯಿತಿಯ ಮಿತಿಯ ಅಂಚಿನಲ್ಲೇ ನಿಂತವರು. ನಾಣ್ಯಕ್ಕಿಂತ ವಸ್ತು ವಿನಿಮಯವೇ ಹೆಚ್ಚಾಗಿದ್ದ ಸಮಾಜದಲ್ಲಿ ಅವರ ಆದಾಯ 200 ರೂಪಾಯಿ ಮುಟ್ಟಿತ್ತೇ ಎಂಬುದನ್ನು ನಿಜವಾಗಿ ಅಳೆದು ನೋಡಿದ್ದು ಸಂದೇಹಾಸ್ಪದ. ಉಳ್ಳವರೆಂದು ತೋರಿದವರನ್ನು ಕನಿಷ್ಠ ಮಟ್ಟದಲ್ಲಿ ಪಟ್ಟಿಗೆ ಸೇರಿಸಿದಂತೆ ಕಾಣುತ್ತದೆ.

ಈ ತೆರಿಗೆಯ ಬೆನ್ನಲ್ಲೇ ಯುದ್ಧ ಬಂದಿತು. ಬರಿಯ ಒಂಬತ್ತು ರೂಪಾಯಿಯ ತೆರಿಗೆಗಾಗಿ ಎರಡು ವರ್ಷದ ಯುದ್ಧವೇ ಎಂದು ಅಚ್ಚರಿಯಾಗಬಹುದು. ಆದರೆ ತೆರಿಗೆ ಒಂಟಿಯಾಗಿ ಬಂದಿರಲಿಲ್ಲ. ಠಾಣೆಯನ್ನು ಜೋವಾಯಿಯ ಜನರು ಶವ ಸುಡುವ ಜಾಗದ ಹತ್ತಿರವೇ ಕಟ್ಟಿ ಅಲ್ಲಿ ಸಂಸ್ಕಾರಕ್ಕೆ ಅಡ್ಡಿಪಡಿಸಲಾಗಿತ್ತು. ಹಬ್ಬದ ಕುಣಿತಕ್ಕೆ ಹಿಡಿಯುವ ಆಯುಧಗಳನ್ನು ಕಸಿದು ನಾಶಪಡಿಸಲಾಗಿತ್ತು. ಮುಂದೆ ಇನ್ನಷ್ಟು ತೆರಿಗೆಗಳು ಬರಲಿವೆ ಎಂಬ ಮಾತು ಸಂತೆಗಳಲ್ಲಿ ಹಬ್ಬಿತ್ತು. 1862ರ ಜನವರಿಯಲ್ಲಿ ಇಡೀ ಗುಡ್ಡನಾಡು ಎದ್ದು ನಿಂತಿತು. ಜನ ದಾರಿಗಳನ್ನು ಕಡಿದು, ಹಳ್ಳಿಗಳ ಸುತ್ತ ಮರದ ಕೋಟೆಗಳನ್ನು ಕಟ್ಟಿ, ಬಿಲ್ಲುಬಾಣಗಳಿಂದ ಹೋರಾಡಿದರು. ಹೋರಾಟದ ನಾಯಕ ಉ ಕಿಯಾಂಗ್ ನಂಗ್ಬಾನನ್ನು 1862ರ ಡಿಸೆಂಬರ್ 30ರಂದು ಜೋವಾಯಿಯಲ್ಲಿ ಬಹಿರಂಗವಾಗಿ ಗಲ್ಲಿಗೇರಿಸಿದ ಮೇಲೂ ಕದನ ನಿಲ್ಲದೆ 1863ರ ಕೊನೆಯವರೆಗೆ ಮುಂದುವರಿಯಿತು. 1,259 ರೂಪಾಯಿಯ ಬೇಡಿಕೆಗೆ ಸರ್ಕಾರ ಹಲವು ಪಡೆಗಳನ್ನು ಕಳಿಸಬೇಕಾಯಿತು. ವಿಲ್ಸನ್ನನ ಆದಾಯ ತೆರಿಗೆಯನ್ನಂತೂ 1865ರಲ್ಲಿ ದೇಶದಾದ್ಯಂತ ಕೈಬಿಡಲಾಯಿತು.

ಇಲ್ಲಿಂದ ಮುಂದೆ ಈಶಾನ್ಯದ ಗುಡ್ಡಗಳ ತೆರಿಗೆ ನೀತಿ ಎಚ್ಚರಿಕೆಯ ನೀತಿಯಾಯಿತು. 1873ರ ಬಂಗಾಳ ಪೂರ್ವ ಗಡಿ ನಿಯಮಾವಳಿಯು ಒಳರೇಖೆ ಎಂಬ ಗೆರೆಯನ್ನು ಎಳೆಯಲು ಅವಕಾಶ ಕೊಟ್ಟಿತು. ಪರವಾನಗಿಯಿಲ್ಲದೆ ಬಯಲಿನವರು ದಾಟಬಾರದ ಈ ಗೆರೆಯ ಉದ್ದೇಶ ಒಂದು ಕಡೆ ಚಹಾ ತೋಟಗಳವರು ಮತ್ತು ರಬ್ಬರು ವ್ಯಾಪಾರಿಗಳು ಗುಡ್ಡಗಳಿಗೆ ನುಗ್ಗಿ ಕಲಹ ತರದಂತೆ ತಡೆಯುವುದು, ಇನ್ನೊಂದು ಕಡೆ ಖರ್ಚಿನ ಆಡಳಿತ ಎಲ್ಲಿಗೆ ಮುಗಿಯಬೇಕೆಂದು ಗೊತ್ತುಪಡಿಸುವುದು. ಗೆರೆಯ ಈಚೆಗೆ ಅಳತೆ, ಪಟ್ಟಾ, ಜಮಾಬಂದಿ. ಆಚೆಗೆ ಬಹುಮಟ್ಟಿಗೆ ಇವು ಯಾವುವೂ ಇಲ್ಲ. ಗುಡ್ಡದ ಬೇಸಾಯವೇ ಭೂಕಂದಾಯಕ್ಕೆ ಒಗ್ಗುವಂಥದ್ದಾಗಿರಲಿಲ್ಲ. ಪಶ್ಚಿಮ ಘಟ್ಟಗಳಲ್ಲಿ ಕುಮರಿ ಎಂದು ಕರೆಯುವ, ಅಲ್ಲಿ ಝೂಮ್ ಎನಿಸಿಕೊಂಡ ಪದ್ಧತಿಯಲ್ಲಿ ಕಾಡಿನ ತುಂಡೊಂದನ್ನು ಕಡಿದು ಸುಟ್ಟು, ಒಂದೆರಡು ವರ್ಷ ಬಿತ್ತಿ, ಮತ್ತೆ ಹಲವು ವರ್ಷ ಬೀಳು ಬಿಡುವುದರಿಂದ, ಈ ವರ್ಷ ಅಳೆದ ಗದ್ದೆ ಮುಂದಿನ ವರ್ಷ ಪೊದೆಯಾಗಿರುತ್ತಿತ್ತು. ಒಡೆತನವೂ ಬಹಳ ಕಡೆ ಕುಲದ್ದು ಅಥವಾ ಹಳ್ಳಿಯದು. ಆದ್ದರಿಂದ ನಾಗಾ, ಲುಷಾಯಿ ಮತ್ತಿತರ ಗುಡ್ಡಗಳಲ್ಲಿ ಮನೆಗಂದಾಯವೇ ಮುಖ್ಯ ತೆರಿಗೆಯಾಗಿ ನೆಲೆನಿಂತಿತು. ಅದರ ಹುಟ್ಟುವಳಿ ಆಡಳಿತದ ವೆಚ್ಚಕ್ಕೆ ಸಾಲುತ್ತಿರಲಿಲ್ಲ. ಅದಕ್ಕಿಂತ ಭಾರವಾದ ಹೊರೆ ಎಂದರೆ ಅಧಿಕಾರಿಗಳ ಸಾಮಾನು ಹೊರಲು, ದಾರಿ ಕಡಿಯಲು ಪ್ರತಿ ಮನೆಯಿಂದ ವಸೂಲಿ ಮಾಡುತ್ತಿದ್ದ ಬಿಟ್ಟಿ ದುಡಿಮೆ. ತೆರಿಗೆ ಹಗುರವಾಗಿತ್ತು ಎಂದು ಹೇಳುವ ಹಳೆಯ ಆಡಳಿತ ವರದಿಗಳು ಈ ದುಡಿಮೆಯ ಬೆಲೆಯನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲವಾದ್ದರಿಂದ ಆ ಮಾತನ್ನು ಹಾಗೆಯೇ ನಂಬುವಂತಿಲ್ಲ.

ವಿನಾಯಿತಿಯ ಬೆಲೆ ಆಳುವವರಿಗೆ ಚೆನ್ನಾಗಿ ತಿಳಿದಿತ್ತು. ಮೊದಲನೆಯ ಮಹಾಯುದ್ಧದಲ್ಲಿ ಫ್ರಾನ್ಸಿಗೆ ಕೂಲಿ ಪಡೆಗಳನ್ನು ಕಳಿಸಬೇಕಾದಾಗ, 1917ರಲ್ಲಿ, ನಾಗಾ ಮತ್ತು ಲುಷಾಯಿ ಗುಡ್ಡಗಳಿಂದ ತಲಾ ಸುಮಾರು ಎರಡು ಸಾವಿರ ಜನರನ್ನು ಸೇರಿಸಿಕೊಳ್ಳಲಾಯಿತು. ಸೇರಿದವರಿಗೆ ಮನೆಗಂದಾಯದಿಂದ ಮುಕ್ತಿ ಕೊಡುವುದಾಗಿ ಮಾತು ಕೊಡಲಾಗಿತ್ತು. ಇದೇ ಭರ್ತಿಯ ಒತ್ತಾಯವು ಮಣಿಪುರದ ಗುಡ್ಡಗಳಲ್ಲಿ 1917ರಿಂದ 1919ರವರೆಗೆ ನಡೆದ ಕುಕಿ ಬಂಡಾಯಕ್ಕೆ ಕಾರಣವಾಯಿತು. ಯುದ್ಧದಿಂದ ಮರಳಿದವರು ಮತ್ತು ಹೊಸದಾಗಿ ಓದು ಕಲಿತವರು ಕೊಹಿಮಾದಲ್ಲಿ ಕಟ್ಟಿಕೊಂಡ ನಾಗಾ ಕ್ಲಬ್ಬು 1929ರ ಜನವರಿ 10ರಂದು ಸೈಮನ್ ಆಯೋಗಕ್ಕೆ ಸಲ್ಲಿಸಿದ ಮನವಿಯಲ್ಲಿ ತಮ್ಮನ್ನು ಹೊಸ ಆಡಳಿತ ಸುಧಾರಣೆಗಳಿಂದ ಹೊರಗಿಡಬೇಕೆಂದು ಕೇಳಿಕೊಂಡಿತು. ನಾಗಾ ರಾಜಕಾರಣದ ಮೂಲ ದಾಖಲೆಯೆಂದು ಇದನ್ನು ಅನೇಕರು ಉಲ್ಲೇಖಿಸುತ್ತಾರೆ. ಆದರೆ ಅದರಲ್ಲಿ ತೆರಿಗೆಯ ಭಯ ಎಷ್ಟು ಸ್ಪಷ್ಟವಾಗಿದೆ ಎಂಬುದು ಸಾಮಾನ್ಯವಾಗಿ ಗಮನಕ್ಕೆ ಬರುವುದಿಲ್ಲ. ಬಯಲಿನವರೇ ಹೆಚ್ಚಾಗಿರುವ ಶಾಸನಸಭೆಯ ಕೈಗೆ ಸಿಕ್ಕರೆ ತಮ್ಮ ಮೇಲೆ ಹೊಸ ಮತ್ತು ಭಾರವಾದ ತೆರಿಗೆಗಳು ಬೀಳುತ್ತವೆ, ಕಟ್ಟಲಾಗದೆ ಭೂಮಿ ಮಾರಬೇಕಾಗುತ್ತದೆ, ಕೊನೆಗೆ ಹುಟ್ಟಿದ ನೆಲದಲ್ಲೇ ತಮಗೆ ಪಾಲಿಲ್ಲದಂತಾಗುತ್ತದೆ ಎಂಬುದು ಆ ಮನವಿಯ ಆತಂಕ. ಬಯಲಿನಲ್ಲಿ ಕಂದಾಯ ಬಾಕಿಗೆ ಜಮೀನು ಹರಾಜಾಗುವುದನ್ನು ಕಂಡಿದ್ದ ಕಾಲದಲ್ಲಿ ಈ ಆತಂಕ ಆಧಾರವಿಲ್ಲದ್ದಾಗಿರಲಿಲ್ಲ.

ಗುಡ್ಡನಾಡಿನ ಜನರೊಡನೆ ಆಳುವವರು ಮಾಡಿಕೊಂಡ ಒಡಂಬಡಿಕೆ ತೆರಿಗೆಯ ರಿಯಾಯಿತಿಯಾಗಿ ಉಳಿದು ಬರುವುದು ಕನ್ನಡನಾಡಿಗೂ ಹೊಸದಲ್ಲ. ಕೊಡಗಿನಲ್ಲಿ ರಾಜರ ಕಾಲದಲ್ಲಿ ಅಗತ್ಯ ಬಿದ್ದಾಗ ಆಯುಧ ಹಿಡಿದು ಬರಬೇಕೆಂಬ ಕಟ್ಟಳೆಯ ಮೇಲೆ ಕುಟುಂಬಗಳಿಗೆ ಬಿಟ್ಟ ಜಮ್ಮಾ ಭೂಮಿಗೆ, ಸಾಧಾರಣ ಸಾಗು ಭೂಮಿಯ ಅರ್ಧದಷ್ಟು ಕಂದಾಯ ಮಾತ್ರ ಇತ್ತು. ಬ್ರಿಟಿಷರು 1834ರಲ್ಲಿ ಕೊಡಗನ್ನು ವಶಪಡಿಸಿಕೊಂಡ ಮೇಲೂ ಆ ದರವನ್ನು ಮುಂದುವರಿಸಿದರು. ಜಮ್ಮಾ ರಿಯಾಯಿತಿಯು ಸೇವೆಗೆ ಪ್ರತಿಯಾಗಿ ಬಂದದ್ದು, ಈಶಾನ್ಯದ್ದು ಪ್ರತಿರೋಧದ ನೆನಪಿನಿಂದ ಬಂದದ್ದು ಎಂಬ ವ್ಯತ್ಯಾಸ ದೊಡ್ಡದೇ ಆದರೂ, ಎರಡರಲ್ಲೂ ರಿಯಾಯಿತಿಯನ್ನು ಪಡೆದವರು ಅದನ್ನು ದಾನವೆಂದು ಭಾವಿಸಲಿಲ್ಲ.

1935ರ ಭಾರತ ಸರ್ಕಾರ ಕಾಯಿದೆಯು ಈ ಗುಡ್ಡಗಳನ್ನು ಎರಡು ವರ್ಗಗಳಾಗಿ ವಿಂಗಡಿಸಿತು. ನಾಗಾ ಗುಡ್ಡ, ಲುಷಾಯಿ ಗುಡ್ಡ, ಉತ್ತರ ಕಛಾರ್ ಮತ್ತು ಗಡಿ ಪ್ರದೇಶಗಳು ಪೂರ್ಣವಾಗಿ ಹೊರಗಿಟ್ಟ ಪ್ರದೇಶಗಳಾದವು. ಗಾರೋ ಗುಡ್ಡ, ಮಿಕಿರ್ ಗುಡ್ಡ ಹಾಗೂ ಖಾಸಿ ಮತ್ತು ಜೈಂತಿಯಾ ಗುಡ್ಡಗಳ ಬ್ರಿಟಿಷ್ ಭಾಗ ಭಾಗಶಃ ಹೊರಗಿಟ್ಟ ಪ್ರದೇಶಗಳಾದವು. ಶಾಸನಸಭೆಗಳು ಮಾಡಿದ ಯಾವ ಕಾಯಿದೆಯೂ ರಾಜ್ಯಪಾಲರು ಪ್ರತ್ಯೇಕವಾಗಿ ಅಧಿಸೂಚನೆ ಹೊರಡಿಸದ ಹೊರತು ಅಲ್ಲಿ ಜಾರಿಗೆ ಬರುತ್ತಿರಲಿಲ್ಲ. ಖಾಸಿ ಗುಡ್ಡಗಳ ವಿವರದಲ್ಲಿ ಒಂದು ಸಣ್ಣ ಅಪವಾದವಿತ್ತು: ಅಸ್ಸಾಮಿನ ರಾಜಧಾನಿಯಾಗಿದ್ದ ಶಿಲ್ಲಾಂಗಿನ ಪುರಸಭೆ ಮತ್ತು ದಂಡುಪ್ರದೇಶ ಹೊರಗಿಟ್ಟ ಪ್ರದೇಶದೊಳಗೆ ಸೇರುವುದಿಲ್ಲ. ಕಚೇರಿಗಳು, ಅಂಗಡಿಬೀದಿ, ಬಂಗಲೆಗಳಿದ್ದ ಊರನ್ನು ಸುತ್ತಲಿನ ಗುಡ್ಡದಿಂದ ಕಾನೂನಿನ ಮಟ್ಟಿಗೆ ಬೇರ್ಪಡಿಸಿದ ಈ ಗೆರೆ ಮುಂದೆ ತೆರಿಗೆದಾರರನ್ನು ದಶಕಗಳ ಕಾಲ ನ್ಯಾಯಾಲಯಗಳಿಗೆ ಅಲೆಸಿತು.

ಸ್ವಾತಂತ್ರ್ಯದ ಹೊತ್ತಿಗೆ ಸಂವಿಧಾನ ಸಭೆಯು ಗೋಪಿನಾಥ ಬೋರ್ದೊಲಾಯ್ ಅವರ ಅಧ್ಯಕ್ಷತೆಯಲ್ಲಿ ನೇಮಿಸಿದ ಉಪಸಮಿತಿಯು 1947ರಲ್ಲಿ ಗುಡ್ಡಗಳನ್ನು ಸುತ್ತಿ ಜನರ ಅಭಿಪ್ರಾಯ ಕೇಳಿ ಕೊಟ್ಟ ವರದಿಯಿಂದ ಆರನೆಯ ಅನುಸೂಚಿ ಹುಟ್ಟಿತು. ಸಮಿತಿಯ ಸದಸ್ಯರಾಗಿದ್ದ ಖಾಸಿ ನಾಯಕ ಜೆ. ಜೆ. ಎಂ. ನಿಕೋಲ್ಸ್ ರಾಯ್ ಅದನ್ನು ಸಭೆಯಲ್ಲಿ ಸಮರ್ಥಿಸಿದರು. ಇದು ಗುಡ್ಡಗಳನ್ನು ದೇಶದಿಂದ ದೂರವಿಡುತ್ತದೆ ಎಂದು ಕುಲಧರ ಚಲಿಹಾ ಮುಂತಾದವರು ವಿರೋಧಿಸಿದರು. ಆರನೆಯ ಅನುಸೂಚಿಯು ಗುಡ್ಡದ ಜನರನ್ನು ಎಲ್ಲ ತೆರಿಗೆಗಳಿಂದ ಬಿಡಿಸಿತೆಂಬ ತಿಳುವಳಿಕೆ ಸಾಕಷ್ಟು ಹರಡಿದೆ, ಅದು ಸರಿಯಲ್ಲ. ಅನುಸೂಚಿಯ 8ನೆಯ ಕಂಡಿಕೆಯು ಸ್ವಾಯತ್ತ ಜಿಲ್ಲಾ ಪರಿಷತ್ತುಗಳಿಗೆ, ಅಂದರೆ ಗುಡ್ಡ ಜಿಲ್ಲೆಗಳ ಜನರು ಆರಿಸಿದ ಸ್ಥಳೀಯ ಸಭೆಗಳಿಗೆ, ಭೂಮಿ ಮತ್ತು ಕಟ್ಟಡಗಳ ಮೇಲೆ, ವೃತ್ತಿ ವ್ಯಾಪಾರಗಳ ಮೇಲೆ, ಪ್ರಾಣಿ, ವಾಹನ, ದೋಣಿಗಳ ಮೇಲೆ, ಮಾರುಕಟ್ಟೆಗೆ ಬರುವ ಸರಕಿನ ಮೇಲೆ, ಶಾಲೆ, ಆಸ್ಪತ್ರೆ ಮತ್ತು ರಸ್ತೆಗಳ ನಿರ್ವಹಣೆಗಾಗಿ ತೆರಿಗೆ ಹಾಕುವ ಅಧಿಕಾರ ಕೊಟ್ಟಿತು. ಗುಡ್ಡದವರು ತೆರಿಗೆಯನ್ನು ತಮ್ಮವರೇ ಇರುವ ಸಭೆಗೆ ಕಟ್ಟಬೇಕು, ಆ ಹಣ ಅಲ್ಲಿಯೇ ಖರ್ಚಾಗಬೇಕು ಎಂಬುದು ಇದರ ಆಶಯ. ಜೈಂತಿಯಾದಿಂದ ನಾಗಾ ಮನವಿಯವರೆಗಿನ ಚರಿತ್ರೆಗೆ ಸಂವಿಧಾನವು ಕೊಟ್ಟ ಉತ್ತರವಾಗಿ ಇದನ್ನು ಓದುವುದು ನ್ಯಾಯ.

ಆದಾಯ ತೆರಿಗೆಯ ವಿನಾಯಿತಿ ಈ ಹಂದರದ ಮೇಲೆ ಹಬ್ಬಿತು. 1922ರ ಕಾಯಿದೆಯ ಕೊನೆಯ ವರ್ಷಗಳಲ್ಲಿ ಇದ್ದ ಖಂಡವನ್ನು 1961ರ ಕಾಯಿದೆ ಮುಂದುವರಿಸಿತು. ಆದರೆ ಆಗ ಅದಕ್ಕೊಂದು ಷರತ್ತಿತ್ತು: ಸರ್ಕಾರಿ ನೌಕರಿಯಲ್ಲಿರುವ ಪರಿಶಿಷ್ಟ ಪಂಗಡದವರಿಗೆ ವಿನಾಯಿತಿ ಸಲ್ಲದು. ಗುಡ್ಡಗಳಲ್ಲಿ ಗಣನೀಯ ಆದಾಯ ಇರುತ್ತಿದ್ದುದೇ ಹೆಚ್ಚಾಗಿ ಸರ್ಕಾರಿ ಸಂಬಳದಾರರಿಗೆ ಎಂಬುದನ್ನು ನೆನೆದರೆ ಈ ಷರತ್ತು ವಿನಾಯಿತಿಯನ್ನು ಬಹುಪಾಲು ಟೊಳ್ಳಾಗಿಸುವಂತಿತ್ತು. ಗುಡ್ಡಗಾಡಿನ ನೌಕರರೊಬ್ಬರು ಇದನ್ನು ಪ್ರಶ್ನಿಸಿ ಹೂಡಿದ, ದತ್ತ ವಿರುದ್ಧ ಲಾರೆನ್ಸ್ ಸಿಂಗ್ ಇಂಗ್ಟಿ ಎಂದು 1968ರ ಕಾನೂನು ವರದಿಗಳಲ್ಲಿ ಅಚ್ಚಾದ ಮೊಕದ್ದಮೆಯಲ್ಲಿ ಸರ್ವೋಚ್ಚ ನ್ಯಾಯಾಲಯವು ಒಂದೇ ಪಂಗಡದ, ಒಂದೇ ಪ್ರದೇಶದ ಇಬ್ಬರಲ್ಲಿ ಸಂಬಳ ಕೊಡುವವರು ಯಾರು ಎಂಬ ಕಾರಣಕ್ಕೆ ಭೇದ ಮಾಡುವುದು ಸಮಾನತೆಯ ಹಕ್ಕಿಗೆ ವಿರುದ್ಧವೆಂದು ತೀರ್ಮಾನಿಸಿತು. ಆ ಷರತ್ತು ಬಳಿಕ ಕಾಯಿದೆಯಿಂದಲೂ ಬಿದ್ದುಹೋಯಿತು.

ಎರಡನೆಯ ತೊಡಕು ಸ್ಥಳದ್ದು. ಅನುಸೂಚಿಯ ಮೂಲ ಪಾಠವು ಶಿಲ್ಲಾಂಗಿನ ಪುರಸಭೆ ಮತ್ತು ದಂಡುಪ್ರದೇಶವನ್ನು ಜಿಲ್ಲೆಯಿಂದ ಹೊರಗಿಟ್ಟು, ಪುರಸಭೆಯೊಳಗೆ ಹಿಂದೆ ಮಿಲ್ಲಿಯೆಮ್ ಎಂಬ ಖಾಸಿ ಸಂಸ್ಥಾನಕ್ಕೆ ಸೇರಿದ್ದ ಭಾಗವನ್ನು ಮಾತ್ರ ಮತ್ತೆ ಒಳಕ್ಕೆ ತಂದಿತ್ತು. ಹೀಗಾಗಿ ಒಂದೇ ಊರಿನ ಒಂದು ಬಡಾವಣೆ ವಿನಾಯಿತಿಯ ಒಳಗೆ, ಪಕ್ಕದ್ದು ಹೊರಗೆ. ಒಳಗೆ ಮನೆ ಮಾಡಿಕೊಂಡು ಹೊರಗಿನ ಕಚೇರಿಯಲ್ಲಿ ದುಡಿಯುವವನ ಸಂಬಳದ ಮೂಲ ಎಲ್ಲಿ ಎಂಬ ಪ್ರಶ್ನೆ ಸಹಜವಾಗಿ ಎದ್ದಿತು. ವಾಸವೂ ಆದಾಯದ ಮೂಲವೂ ಎರಡೂ ಹೆಸರಿಸಿದ ಪ್ರದೇಶದೊಳಗೇ ಇರಬೇಕೆಂಬ ಕಾಯಿದೆಯ ಕಟ್ಟಳೆಯನ್ನು ಸರ್ವೋಚ್ಚ ನ್ಯಾಯಾಲಯವು 1976ರಲ್ಲಿ ರಿಂಬಾಯಿ ಮೊಕದ್ದಮೆಯಲ್ಲಿ ಎತ್ತಿಹಿಡಿಯಿತು. ಅದರ ಪರಿಣಾಮವಾಗಿ ಗುಡ್ಡ ಬಿಟ್ಟು ಗುವಾಹಾಟಿಗೋ ಬೆಂಗಳೂರಿಗೋ ದುಡಿಯಲು ಹೋದ ನಾಗಾ ಅಥವಾ ಮಿಜೋ ಯುವಕ ಉಳಿದ ನಾಗರಿಕರಂತೆಯೇ ತೆರಿಗೆ ಕಟ್ಟುತ್ತಾನೆ. ಗುಡ್ಡದಲ್ಲೇ ಅಂಗಡಿಯಿಟ್ಟ, ಪಂಗಡಕ್ಕೆ ಸೇರದ ನೆರೆಯವನೂ ಕಟ್ಟುತ್ತಾನೆ. ನೆಲ ಮತ್ತು ಜನ ಎರಡೂ ಕೂಡಿದಾಗ ಮಾತ್ರ ವಿನಾಯಿತಿ. 2003ರಲ್ಲಿ ಆರನೆಯ ಅನುಸೂಚಿಯ ಕೋಷ್ಟಕಕ್ಕೆ ಬೋಡೊಲ್ಯಾಂಡ್ ಸೇರಿದಾಗ ಗುಡ್ಡವೇ ಅಲ್ಲದ ಬ್ರಹ್ಮಪುತ್ರೆಯ ಬಯಲೂ ಈ ಕೋಷ್ಟಕದೊಳಗೆ ಬಂದದ್ದು, ದೂರ ಅಥವಾ ದುರ್ಗಮತೆ ಇದರ ಅಳತೆಗೋಲಲ್ಲ ಎಂಬುದನ್ನು ಇನ್ನಷ್ಟು ಸ್ಪಷ್ಟಗೊಳಿಸಿತು.

ದೂರವನ್ನೇ ಅಳತೆಗೋಲಾಗಿ ಹಿಡಿದ ಪ್ರಯೋಗವೂ ಒಂದು ನಡೆದಿತ್ತು, ಈಶಾನ್ಯದಲ್ಲಲ್ಲ, ಲಡಾಖಿನಲ್ಲಿ. 1961ರ ಕಾಯಿದೆಗೆ ಸೇರಿಸಿದ 26ಎ ಖಂಡವು ಲಡಾಖ್ ಜಿಲ್ಲೆಯ ನಿವಾಸಿಗೆ, ಆತ ಯಾವ ಪಂಗಡದವನೆಂದು ಕೇಳದೆ, ಲಡಾಖಿನಲ್ಲಿ ಅಥವಾ ಭಾರತದ ಹೊರಗೆ ಹುಟ್ಟುವ ಆದಾಯವನ್ನು ತೆರಿಗೆಯಿಂದ ಬಿಟ್ಟಿತ್ತು. ಭಾರತದ ಹೊರಗಿನ ಆದಾಯದ ಮಾತು ಅಲ್ಲಿ ಬಂದದ್ದು ಲೇಹ್ ಪಟ್ಟಣವು ಟಿಬೆಟ್ ಮತ್ತು ಯಾರ್ಕಂದ್‌ಗಳೊಡನೆ ನಡೆಸುತ್ತಿದ್ದ ಹಳೆಯ ವ್ಯಾಪಾರದ ನೆನಪಿನಿಂದ ಇರಬಹುದು ಎಂದು ಊಹಿಸಲು ಆಸ್ಪದವಿದೆ. ಈ ಖಂಡಕ್ಕೆ ಅವಧಿ ಗೊತ್ತುಪಡಿಸಲಾಗಿದ್ದು, 1989ರ ಏಪ್ರಿಲ್ 1ಕ್ಕೆ ಮುಂಚೆ ಆರಂಭವಾಗುವ ತೆರಿಗೆ ನಿರ್ಧರಣಾ ವರ್ಷಗಳಿಗೆ ಮಾತ್ರ ಅದು ಅನ್ವಯಿಸಿತು. ಅದೇ 1989ರ ಅಕ್ಟೋಬರಿನಲ್ಲಿ ಬಾಲ್ಟಿ, ಬೋಟ್, ಚಾಂಗ್ಪಾ, ಪುರಿಗ್ಪಾ ಮೊದಲಾದ ಎಂಟು ಸಮುದಾಯಗಳನ್ನು ಪರಿಶಿಷ್ಟ ಪಂಗಡಗಳೆಂದು ಘೋಷಿಸಲಾಯಿತು. ಮುಂದೆ ಲಡಾಖನ್ನು 26ನೆಯ ಖಂಡಕ್ಕೇ ಸೇರಿಸಲಾಯಿತು. ಚಳಿಗಾಲದಲ್ಲಿ ಕಣಿವೆದಾರಿಗಳೆಲ್ಲ ಹಿಮದಲ್ಲಿ ಮುಚ್ಚಿ ತಿಂಗಳುಗಟ್ಟಲೆ ಹೊರಜಗತ್ತಿನ ರಸ್ತೆ ಕಡಿಯುತ್ತಿದ್ದ ನಾಡಿನಲ್ಲಿ ನೆಲಕ್ಕೆ ಕೊಟ್ಟಿದ್ದ ರಿಯಾಯಿತಿ ಹೀಗೆ ಜನಕ್ಕೆ ಕೊಡುವ ರಿಯಾಯಿತಿಯಾಗಿ ಮಾರ್ಪಟ್ಟಿತು.

ಸಿಕ್ಕಿಮಿನ ಕಥೆ ಇವೆರಡಕ್ಕಿಂತಲೂ ಭಿನ್ನ. ಚೋಗ್ಯಾಲ್ ಅರಸರ ಕಾಲದಲ್ಲಿ 1948ರ ಸಿಕ್ಕಿಂ ಆದಾಯ ತೆರಿಗೆ ಕೈಪಿಡಿಯ ಪ್ರಕಾರ ಅಲ್ಲಿನದೇ ತೆರಿಗೆ ನಡೆಯುತ್ತಿತ್ತು. 1975ರ ಏಪ್ರಿಲ್ 26ರಿಂದ ಸಿಕ್ಕಿಂ ಭಾರತದ ರಾಜ್ಯವಾದರೂ ಸಂವಿಧಾನದ 371ಎಫ್ ವಿಧಿಯು ಹಳೆಯ ಕಾನೂನುಗಳಿಗೆ ರಕ್ಷಣೆ ಕೊಟ್ಟದ್ದರಿಂದ ಭಾರತದ ಆದಾಯ ತೆರಿಗೆ ಅಲ್ಲಿಗೆ ತಲುಪಿದ್ದು 1990ರಲ್ಲಿ. 2008ರ ಹಣಕಾಸು ಕಾಯಿದೆಯು 1990ರಿಂದಲೇ ಪೂರ್ವಾನ್ವಯವಾಗುವಂತೆ 26ಎಎಎ ಖಂಡವನ್ನು ಸೇರಿಸಿ ಸಿಕ್ಕಿಮಿಗರ ಸ್ಥಳೀಯ ಆದಾಯವನ್ನು ತೆರಿಗೆಯಿಂದ ಬಿಟ್ಟಿತು. ಸಿಕ್ಕಿಮಿಗರೆಂದರೆ ಯಾರು ಎಂಬುದನ್ನು ಮುಖ್ಯವಾಗಿ 1961ರ ಸಿಕ್ಕಿಂ ಪ್ರಜಾ ನಿಯಮಾವಳಿಯ ನೋಂದಣಿ ಪುಸ್ತಕದಿಂದ ನಿರ್ಧರಿಸಲಾಯಿತು. ತಲೆಮಾರುಗಳಿಂದ ಗ್ಯಾಂಗ್ಟಕ್ಕಿನಲ್ಲಿ ವ್ಯಾಪಾರ ಮಾಡಿಕೊಂಡು, ಅರಸರ ಕಾಲದಲ್ಲಿ ಅಲ್ಲಿನ ತೆರಿಗೆಯನ್ನೇ ಕಟ್ಟಿ, ಆದರೆ ಭಾರತದ ಪೌರತ್ವ ಬಿಡಲೊಪ್ಪದೆ ನೋಂದಣಿಯಿಂದ ಹೊರಗುಳಿದ ಕುಟುಂಬಗಳಿಗೆ ವಿನಾಯಿತಿ ಸಿಗಲಿಲ್ಲ. 2008ರ ಏಪ್ರಿಲ್ 1ರಂದು ಅಥವಾ ಆ ನಂತರ ಹೊರಗಿನವರನ್ನು ಮದುವೆಯಾದ ಸಿಕ್ಕಿಂ ಹೆಣ್ಣುಮಕ್ಕಳೂ ಅದನ್ನು ಕಳೆದುಕೊಂಡರು. ಇವೆರಡೂ ಅನ್ಯಾಯವೆಂದು ನ್ಯಾಯಮೂರ್ತಿಗಳಾದ ಎಂ. ಆರ್. ಷಾ ಮತ್ತು ಕರ್ನಾಟಕದ ಬಿ. ವಿ. ನಾಗರತ್ನ ಅವರ ಪೀಠವು 2023ರ ಜನವರಿ 13ರಂದು ತೀರ್ಪಿತ್ತು, 1975ರ ಏಪ್ರಿಲ್ 26ಕ್ಕೆ ಮುಂಚೆ ನೆಲೆಸಿದ ಭಾರತೀಯರಿಗೂ ವಿನಾಯಿತಿಯನ್ನು ವಿಸ್ತರಿಸಿತು. ಆದರೆ ತೀರ್ಪಿನಲ್ಲಿ ಸಿಕ್ಕಿಮಿನ ನೇಪಾಳಿ ಮೂಲದವರ ಬಗ್ಗೆ ಬಂದ ಒಂದು ಉಲ್ಲೇಖ ಅಲ್ಲಿ ತೀವ್ರ ಪ್ರತಿಭಟನೆಗೆ ಕಾರಣವಾಗಿ, ಮುಂದಿನ ತಿಂಗಳು ನ್ಯಾಯಾಲಯವೇ ಆ ಭಾಗವನ್ನು ತೆಗೆದುಹಾಕಿತು. ಈ ನಾಡಿನವರು ಯಾರು ಎಂಬ ಪ್ರಶ್ನೆಯನ್ನು ಕೆದಕದೆ ತೆರಿಗೆಯ ಪ್ರಶ್ನೆಯನ್ನು ಅಲ್ಲಿ ಕೈಗೆತ್ತಿಕೊಳ್ಳುವುದೇ ಸಾಧ್ಯವಿರಲಿಲ್ಲ.

ಈ ವಿನಾಯಿತಿಗಳಿಂದ ನಿಜವಾಗಿ ಯಾರಿಗೆ ಉಪಯೋಗವಾಯಿತು ಎಂಬುದು ಕೇಳಲೇಬೇಕಾದ ಪ್ರಶ್ನೆ. ಝೂಮ್ ಬೇಸಾಯದಿಂದ ಬದುಕುವ ಕುಟುಂಬಕ್ಕೆ ಇದರಿಂದ ಏನೂ ಸಿಗಲಿಲ್ಲ, ಏಕೆಂದರೆ ಕೃಷಿ ಆದಾಯಕ್ಕೆ ದೇಶದಲ್ಲೆಲ್ಲೂ ಕೇಂದ್ರದ ಆದಾಯ ತೆರಿಗೆ ಇಲ್ಲ, ಅದರ ಉಳಿದ ಗಳಿಕೆಯೋ ತೆರಿಗೆಯ ಮಿತಿಯನ್ನು ಮುಟ್ಟುವುದಿಲ್ಲ. ಫಲ ಸಿಕ್ಕಿದ್ದು ಸಂಬಳದಾರರಿಗೆ, ಗುತ್ತಿಗೆದಾರರಿಗೆ, ವ್ಯಾಪಾರಿಗಳಿಗೆ. ಹೊರಗಿನ ಬಂಡವಾಳ ಸ್ಥಳೀಯರ ಹೆಸರಿನ ಮರೆಯಲ್ಲಿ ವ್ಯವಹಾರ ನಡೆಸುವ ದಾರಿಯೂ ತೆರೆಯಿತು. ವಿನಾಯಿತಿಯ ಹಿಂದಿನ ಒಡಂಬಡಿಕೆಯನ್ನು ಗೌರವಿಸುವುದು ಅಗತ್ಯ. ಮೊತ್ತದ ಮಿತಿಯೇ ಇಲ್ಲದೆ ಅತ್ಯಂತ ಹೆಚ್ಚು ಗಳಿಸುವವನಿಗೆ ಅತ್ಯಂತ ಹೆಚ್ಚು ಲಾಭ ಕೊಡುವ ಅದರ ಇಂದಿನ ರೂಪವನ್ನೇ ಗೌರವಿಸಬೇಕೆಂದಿಲ್ಲ.

ಬಿಳಿಗಿರಿರಂಗನ ಬೆಟ್ಟದ ಸೋಲಿಗರಿಗೆ, ನಾಗರಹೊಳೆಯ ಜೇನುಕುರುಬರಿಗೆ ಈ ಖಂಡ ಅನ್ವಯಿಸುವುದಿಲ್ಲ. ಅವರು ಪರಿಶಿಷ್ಟ ಪಂಗಡದವರೇ ಆದರೂ ಕರ್ನಾಟಕದಲ್ಲಿ ಆರನೆಯ ಅನುಸೂಚಿಯ ಪ್ರದೇಶ ಇಲ್ಲ. ಕರ್ನಾಟಕದ ಹೆಸರು ಬಂದದ್ದು 1962ರ ಆದಾಯ ತೆರಿಗೆ ನಿಯಮಗಳ 2ಬಿಬಿ ನಿಯಮದಲ್ಲಿ, ಅದೂ ಬುಡಕಟ್ಟು ಪ್ರದೇಶದಲ್ಲಿ ಕೆಲಸ ಮಾಡುವ ನೌಕರನ ವಿಶೇಷ ಭತ್ಯೆಯಲ್ಲಿ ತಿಂಗಳಿಗೆ 200 ರೂಪಾಯಿಯವರೆಗೆ ತೆರಿಗೆ ಬಿಡುತ್ತಿದ್ದ ಪಟ್ಟಿಯಲ್ಲಿ. ಹಾಡಿಯ ದೂರ ಮತ್ತು ಕಷ್ಟ ತೆರಿಗೆ ನಿಯಮದ ಕಣ್ಣಿಗೆ ಬಿದ್ದದ್ದು ಅಲ್ಲಿಗೆ ಹೊರಗಿನಿಂದ ಹೋಗುವವನ ಕಷ್ಟವಾಗಿ. ಅಲ್ಲಿಯೇ ಹುಟ್ಟಿ ಬೆಳೆದವರು ಅದರ ಲೆಕ್ಕಕ್ಕೆ ಬರಲಿಲ್ಲ.

ದೂರದ ಪ್ರದೇಶದ ಬಡವನು ಕಟ್ಟುವ ತೆರಿಗೆ ಬೇರೆಯೇ ಬಗೆಯದು. ಆತ ಕೊಳ್ಳುವ ಸೋಪು, ಚಪ್ಪಲಿ, ತಗಡು, ಸಿಮೆಂಟುಗಳ ಬೆಲೆಯೊಳಗೆ ಅದು ಅಡಗಿರುತ್ತದೆ. ಸಾಗಣೆಯ ವೆಚ್ಚ ಸೇರಿ ಬೆಲೆ ಏರಿದಷ್ಟೂ, ಆ ಬೆಲೆಯ ಮೇಲಿನ ತೆರಿಗೆಯೂ ಏರುತ್ತದೆ. 2017ರ ಜುಲೈ 1ರಂದು ಜಾರಿಗೆ ಬಂದ ಸರಕು ಮತ್ತು ಸೇವಾ ತೆರಿಗೆಯಲ್ಲಿ ಕೊಳ್ಳುವವನ ವಾಸಸ್ಥಳವನ್ನು ನೋಡಿ ಬಿಡುವ ವಿನಾಯಿತಿ ಇಲ್ಲ. ಮಾರುವವನ ವಿಷಯದಲ್ಲಂತೂ ದೂರದ ರಾಜ್ಯಗಳ ಸ್ಥಿತಿ ತಿರುವುಮುರುವಾಗಿದೆ. 2019ರ ಏಪ್ರಿಲಿನಿಂದ ಮೈಸೂರಿನಲ್ಲಿ ಸರಕು ಮಾರುವ ವ್ಯಾಪಾರಿಯು ವರ್ಷದ ವಹಿವಾಟು 40 ಲಕ್ಷ ರೂಪಾಯಿ ದಾಟುವವರೆಗೆ ನೋಂದಣಿ ಮಾಡಿಸಬೇಕಾಗಿರಲಿಲ್ಲ. ನಾಗಾಲ್ಯಾಂಡ್, ಮಣಿಪುರ, ಮಿಜೋರಾಂ ಮತ್ತು ತ್ರಿಪುರಾಗಳಲ್ಲಿ ಆ ಮಿತಿ 10 ಲಕ್ಷ ರೂಪಾಯಿ. ದೊಡ್ಡ ವ್ಯಾಪಾರಿಗಳು ಕಡಿಮೆಯಿರುವ ಆ ರಾಜ್ಯಗಳು ಸಣ್ಣವರನ್ನೂ ಒಳಗೊಳ್ಳದಿದ್ದರೆ ತಮ್ಮ ತೆರಿಗೆಯ ಬುಡ ಕುಸಿಯುತ್ತದೆಂಬ ಕಾರಣಕ್ಕೆ ಕೆಳಗಿನ ಮಿತಿಯನ್ನೇ ಉಳಿಸಿಕೊಂಡವು. ಹೀಗೆ ಕೊಹಿಮಾದ ನಾಗಾ ಅಂಗಡಿಕಾರನು ತನ್ನ ಲಾಭದ ಮೇಲೆ ಕೇಂದ್ರಕ್ಕೆ ಆದಾಯ ತೆರಿಗೆ ಕಟ್ಟಬೇಕಾಗಿಲ್ಲವಾದರೂ, ಮೈಸೂರಿನ ಅಂಗಡಿಕಾರನ ವಹಿವಾಟಿನ ಕಾಲುಭಾಗಕ್ಕೇ ತೆರಿಗೆ ಇಲಾಖೆಯ ಪಟ್ಟಿಗೆ ಸೇರಿ ಲೆಕ್ಕ ಒಪ್ಪಿಸಬೇಕಾಯಿತು.